ಗೀಸರ್‌ಗೆ ಟೈಮರ್ ಸಾಕಾ, ಸ್ಮಾರ್ಟ್ ಪ್ಲಗ್ಗೇ ಬೇಕಾ?

ನಮ್ಮನೇಲಿ ಇದು ಶುರುವಾಗಿದ್ದು ಅಮ್ಮನ ಒಂದು ಮಾತಿಂದ. "ಐದೂಕಾಲಿಗೆ ಎದ್ದು ಗೀಸರ್ ಹಾಕಿ ಮತ್ತೆ ಬಂದು ಮಲ್ಕೊಳ್ಳೋದು ಯಾವ ಸೀಮೆ ಸುಖ, ಇದಕ್ಕಿಂತ ಹಂಡೆ ಒಲೆನೇ ವಾಸಿ ಇತ್ತು" ಅಂದ್ರು. ವಾಸಿ ಇತ್ತು ನಿಜ, ಯಾಕಂದ್ರೆ ಆಗ ಕತ್ಲಲ್ಲಿ ಎದ್ದು ಬಚ್ಚಲೊಲೆಗೆ ತೆಂಗಿನಗರಿ ತುರುಕ್ತಾ ಇದ್ದಿದ್ದು ಅಜ್ಜಿ, ಅಮ್ಮ ಅಲ್ಲ. ಅಜ್ಜಿ ಕೆಲ್ಸಕ್ಕೆ ಒಂದು ಟೈಮರ್ ಇಟ್ರೆ ಮುಗೀತಲ್ಲ ಅಂದ್ಕೊಂಡು ಹೊರಟೋನು ಮೂರು ವರ್ಷದಲ್ಲಿ ನಾಲ್ಕು ಥರದ್ದು ತಂದು, ಬೆಂಗಳೂರಿನ ನಮ್ಮ ಫ್ಲಾಟಲ್ಲೂ ತುಮಕೂರು ಹತ್ರ ಊರಿನ ಮನೇಲೂ ಹಾಕಿ, ತೆಗೆದು, ಇಲ್ಲಿದ್ದಿದ್ದು ಅಲ್ಲಿಗೆ ಅಲ್ಲಿದ್ದಿದ್ದು ಇಲ್ಲಿಗೆ ಮಾಡಿ ಈಗ ಒಂದು ಹದಕ್ಕೆ ಬಂದಿದ್ದೀನಿ.

ಮೊದ್ಲು ದುಡ್ಡಿನ ವಿಷ್ಯ ಮುಗಿಸ್ಬಿಡೋಣ, ಯಾಕಂದ್ರೆ ಎಲ್ರೂ ಕೇಳೋದು ಅದೇ. ಟೈಮರ್ ಹಾಕಿದ್ರೆ ಕರೆಂಟ್ ಬಿಲ್ ಅರ್ಧ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಸುಮ್ನಾಗಿ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯ್ಸೋಕೆ ಬೇಕಾಗೋದು ಸುಮಾರು 0.6 ಯೂನಿಟ್, 2000 ವ್ಯಾಟ್ ಕಾಯಿಲ್ ಇದ್ರೆ ಹದಿನೆಂಟು ಇಪ್ಪತ್ತು ನಿಮಿಷ. ಈ ಖರ್ಚು ಟೈಮರ್ ಹಾಕಿದ್ರೂ ಇದ್ದಿದ್ದೇ, ಕೈಯಲ್ಲಿ ಹಾಕಿದ್ರೂ ಇದ್ದಿದ್ದೇ, ನೀರು ಕಾಯ್ಬೇಕಲ್ಲ. ಉಳಿಯೋದು ಏನಿದ್ರೂ ಸುಮ್ನೆ ನಿಂತಾಗ ಟ್ಯಾಂಕಿಂದ ಸೋರಿ ಹೋಗೋ ಶಾಖದಲ್ಲಿ. ನಾನು ಒಂದು ಭಾನುವಾರ ನಾವೆಲ್ಲ ಊರಿಗೆ ಹೋಗಿದ್ದಾಗ ಬೇಕಂತಲೇ ಗೀಸರ್ ಆನ್ ಬಿಟ್ಟು ಹೋಗಿದ್ದೆ (ಹೆಂಡ್ತಿಗೆ ಹೇಳಿರ್ಲಿಲ್ಲ), ಒಂದು ತೊಟ್ಟು ನೀರು ಬಳಸ್ದೆ 24 ಗಂಟೆಗೆ ನಮ್ಮ 15 ಲೀಟರ್ ಟ್ಯಾಂಕ್ ತಗೊಂಡಿದ್ದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಕೊಂಡ್ರೂ ಇಡೀ ತಿಂಗಳು ಹಗಲೂ ರಾತ್ರಿ ಆನ್ ಬಿಡೋ ಮನೆಗೆ ಉಳಿಯೋದು ನೂರು ರೂಪಾಯಿ ಆಸುಪಾಸು. ಇನ್ನು ನಮ್ಮ ನಿಮ್ಮ ಥರ ಹಾಕಿ ಒಂದು ಗಂಟೆ ಮರ್ತು ಬಿಡೋರು ಕಳ್ಕೊಳ್ಳೋದು ಹದಿನೈದು ಪೈಸೆ. ನೀರು ಕಾದ ತಕ್ಷಣ ಕಾಯಿಲ್ ನಿಲ್ಸೋ ಥರ್ಮೋಸ್ಟಾಟ್ ಅಷ್ಟೊತ್ತಿಗೆ ಕಟ್ ಆಗ್ಬಿಟ್ಟಿರುತ್ತೆ, ಕಾಯಿಲ್ ಓಡ್ತಾನೇ ಇರಲ್ಲ. ಅದಕ್ಕೋಸ್ಕರ ಮನೇಲಿ ಎಷ್ಟು ಜಗಳ ಆಗಿದೆ ನೆನೆಸ್ಕೊಳ್ಳಿ.

ಗೃಹಜ್ಯೋತಿಲಿ ಇರೋರಿಗೆ ಮಾತ್ರ ಲೆಕ್ಕ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು, ಹಾಗಾಗಿ 190ರಲ್ಲೋ 195ರಲ್ಲೋ ತೂಗಾಡ್ತಾ ಇರೋ ಮನೆಗೆ ತಿಂಗಳಿಗೆ ಹೀಗೆ ಸೋರಿ ಹೋಗೋ ಹದಿನೈದು ಯೂನಿಟ್ ಅನ್ನೋದು ದೊಡ್ಡ ಮಾತು. ಅಂಥೋರು ಟೈಮರ್ ಬಗ್ಗೆ ಗಂಭೀರವಾಗಿ ಯೋಚ್ನೆ ಮಾಡಿ. ಉಳಿದೋರಿಗೆ ಇದು ನಿದ್ದೆ ಉಳಿಸೋ ಸಾಮಾನು, ಜೊತೆಗೆ ಥರ್ಮೋಸ್ಟಾಟ್ ಕೆಟ್ಟ ದಿನ ಗೀಸರ್ ಕುದೀತಾನೇ ಇರದ ಹಾಗೆ ಇನ್ನೊಂದು ಕಾವಲು.

ಇನ್ನೊಂದು, ನಿಮ್ಮ ಗೀಸರ್ ಯಾವುದು ಅಂತ ಮೊದ್ಲು ನೋಡ್ಕೊಳ್ಳಿ. 3 ಲೀಟರ್ ಇನ್‌ಸ್ಟಂಟ್ ಇದ್ರೆ ಟೈಮರ್ ಯಾಕೆ, ನಲ್ಲಿ ತಿರುಗಿಸೋ ಮುಂಚೆ ಸ್ವಿಚ್ ಹಾಕಿದ್ರೆ ಸಾಕು, ಅದೂ 4500 ವ್ಯಾಟಿಂದಾದ್ರೆ 19 ಆಂಪ್ಸ್ ಮೇಲೆ ಎಳೆಯುತ್ತೆ, ಯಾವ ಪ್ಲಗ್ ಟೈಮರೂ ತಡ್ಕೊಳ್ಳಲ್ಲ. ಬಕೆಟ್‌ಗೆ ಹಾಕೋ ಕಾಯಿಲ್ ರಾಡ್‌ಗೆ ಟೈಮರ್ರು, ಫೋನಿಂದ ಆನ್ ಆಫ್ ಮಾಡೋ ಸ್ಮಾರ್ಟ್ ಪ್ಲಗ್ಗು ಯಾವತ್ತೂ ಬೇಡ. ಬಕೆಟಲ್ಲಿ ನೀರಿದೆಯೋ ಇಲ್ವೋ, ಮಗು ಕೈ ಹಾಕಿದೆಯೋ ಅಂತ ಫೋನಿಗೆ ಗೊತ್ತಾಗಲ್ಲ, ರಾಡ್ ಆನ್ ಆಗೋವಾಗ ಕಣ್ಣೆದುರಿಗೆ ಒಬ್ರು ಇರ್ಬೇಕು ಅಷ್ಟೇ. ಹಾಗಾಗಿ ಇಲ್ಲಿ ಹೇಳ್ತಿರೋದೆಲ್ಲ 10, 15, 25 ಲೀಟರ್ ಸ್ಟೋರೇಜ್ ಗೀಸರ್‌ಗೆ, ಮತ್ತೆ ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್‌ಗೆ.

ಈಗ ಆಂಪ್ಸ್ ಕಥೆ, ಇಲ್ಲೇ ಜನ ಎಡವೋದು. 2000 ವ್ಯಾಟ್ ಗೀಸರ್ 230 ವೋಲ್ಟಲ್ಲಿ 8.7 ಆಂಪ್ಸ್ ಎಳೆಯುತ್ತೆ, 3000 ವ್ಯಾಟಿಂದು 13. ಅಂಗಡೀಲಿ ಸಿಗೋ ಚಿಕ್ಕ ಮುದ್ದು ಸ್ಮಾರ್ಟ್ ಪ್ಲಗ್‌ಗಳು ತುಂಬಾ 6 ಆಂಪ್ಸ್, ಇಲ್ಲಿ ಮಾರೋ ಅಮೆಜಾನ್ ಸ್ಮಾರ್ಟ್ ಪ್ಲಗ್ಗೂ 6 ಆಂಪ್ಸೇ, ಅದೆಲ್ಲ ದೀಪಕ್ಕೆ ಫ್ಯಾನಿಗೆ ಸರಿ. ಗೀಸರ್‌ಗೆ ದಪ್ಪ ಪಿನ್ನಿನ 16 ಆಂಪ್ಸ್ ಬೇಕು, ನಾವೆಲ್ಲ ಪವರ್ ಪ್ಲಗ್ ಅಂತೀವಲ್ಲ ಅದು. ಟ್ಯಾಪೋ, ವಿಪ್ರೋ, ಕ್ಯೂಬೋ ಹೀಗೆ ಸುಮಾರು ಕಂಪನಿಗಳದ್ದು 16 ಆಂಪ್ಸ್ ಮಾಡೆಲ್ ಸಿಗುತ್ತೆ. ಆದ್ರೆ ಒಂದೇ ಹೆಸರಲ್ಲಿ 10 ಆಂಪ್ಸಿಂದೂ ಇರುತ್ತೆ 16ದೂ ಇರುತ್ತೆ, ಫೋಟೋ ನೋಡಿ ಆರ್ಡರ್ ಮಾಡ್ಬೇಡಿ, ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದು ಓದಿ. ಹೊರದೇಶದ ದುಂಡು ಎರಡು ಪಿನ್ನಿಂದು ಕಮ್ಮಿಗೆ ಸಿಗ್ತು ಅಂತ ತಂದು ಕನ್ವರ್ಟರ್ ಮೂಲಕ ಚುಚ್ಚೋರು ಇದ್ದಾರೆ. ನಾನೂ ಒಬ್ಬ. ಹನ್ನೊಂದು ದಿನ ಚೆನ್ನಾಗಿತ್ತು, ಹನ್ನೆರಡನೇ ದಿನ ಬಚ್ಚಲಲ್ಲಿ ಮೀನು ಹುರಿದಂಗೆ ವಾಸ್ನೆ, ನಮ್ಮನೇಲಿ ಮೀನು ಮಾಡಲ್ಲ. ತೆಗೆದು ನೋಡಿದ್ರೆ ಕನ್ವರ್ಟರ್ರಿನ ಒಂದು ತೂತು ಕಾಫಿ ಬಣ್ಣಕ್ಕೆ ತಿರುಗಿ ಅಂಚು ಕರಗಿ ಮೇಣದ ಥರ ಇಳಿದಿತ್ತು, ಪ್ಲಗ್ಗಿಗೆ ಮಾತ್ರ ಏನೂ ಆಗಿರ್ಲಿಲ್ಲ. ಪಿನ್ ಸಡಿಲ ಇದ್ದಲ್ಲಿ ಬಿಸಿ ಹುಟ್ಟುತ್ತೆ, ಅಷ್ಟೇ ಸಿದ್ಧಾಂತ. ಅಂದ್ರೆ ಹಳೇ ಸಾಕೆಟ್ ಸಡಿಲ ಇದ್ರೆ ಎಷ್ಟು ಒಳ್ಳೆ ಪ್ಲಗ್ ತಂದ್ರೂ ದಂಡ, ಮೊದ್ಲು ಸಾಕೆಟ್ ಬದಲಾಯ್ಸಿ. ಹಾಗೇ ಹಿಂದಿನ ವೈರ್ 2.5 ಸ್ಕ್ವೇರ್ ಎಂಎಂ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ, ಹಳೇ ಮನೆಗಳಲ್ಲಿ ಲೈಟಿನ 1.5 ವೈರನ್ನೇ ಎಳೆದು ಪವರ್ ಪ್ಲಗ್ ಕೂರ್ಸಿರ್ತಾರೆ, ಊರಲ್ಲಿ ನಮ್ದೂ ಹಾಗೇ ಇತ್ತು.

ಸರಿ, ಈಗ ಒಂದೊಂದಾಗಿ.

ಎಲ್ಲಕ್ಕಿಂತ ಅಗ್ಗ ತಿರುಗೋ ಡಯಲ್ ಟೈಮರ್. ಸುತ್ತಲೂ ಹಲ್ಲು ಇರುತ್ತೆ, ಒಂದು ಹಲ್ಲಿಗೆ ಹದಿನೈದು ನಿಮಿಷ, ಒಟ್ಟು 96. ಬೇಕಾದ ಹೊತ್ತಿನ ಹಲ್ಲು ಒತ್ತಿದ್ರೆ ಆಯ್ತು, ಆ್ಯಪ್ ಇಲ್ಲ ಪಾಸ್‌ವರ್ಡ್ ಇಲ್ಲ, ಅಪ್ಪಂಗೆ ಎರಡು ನಿಮಿಷದಲ್ಲಿ ಅರ್ಥ ಆಯ್ತು. ನಂಗೂ ತುಂಬಾ ಇಷ್ಟ ಆಗಿತ್ತು. ಆದ್ರೆ ಒಳಗಿರೋ ಚಿಕ್ಕ ಮೋಟರ್ ಓಡೋದು ಕರೆಂಟಲ್ಲಿ, ಕರೆಂಟ್ ಹೋದ್ರೆ ಗಡಿಯಾರನೂ ನಿಂತ್ಹೋಗುತ್ತೆ. ಅರ್ಧ ಗಂಟೆ ಪವರ್‌ಕಟ್ ಆದ್ರೆ ಅರ್ಧ ಗಂಟೆ ಹಿಂದೆ, ನಾಳೆ ಇನ್ನೊಂದು ಗಂಟೆ, ಹೀಗೆ ಸೇರ್ತಾ ಹೋಗಿ ಊರಲ್ಲಿ ಮೂರನೇ ವಾರಕ್ಕೆ ಐದೂವರೆಗೆ ಬರ್ಬೇಕಾದ ಬಿಸಿನೀರು ಒಂಬತ್ತಕ್ಕೆ ಬರ್ತಿತ್ತು. ಅಪ್ಪ ಅದನ್ನ ನೋಡಿ "ಇದು ನಮ್ಮೂರ ಬಸ್ ಇದ್ದಂಗೆ ಕಣೋ" ಅಂದ್ರು. ಡಿಜಿ (ಡೀಸೆಲ್ ಜನರೇಟರ್) ಬ್ಯಾಕಪ್ ಇರೋ ಅಪಾರ್ಟ್‌ಮೆಂಟಲ್ಲೂ ಇದೇ ಗೋಳು, ಯಾಕಂದ್ರೆ ಗೀಸರ್ ಲೈನಿಗೆ ಸಾಮಾನ್ಯವಾಗಿ ಬ್ಯಾಕಪ್ ಕೊಟ್ಟಿರಲ್ಲ.

ಅದರ ಮೇಲಿನದ್ದು ಡಿಜಿಟಲ್ ಪ್ಲಗ್ ಟೈಮರ್, ಚಿಕ್ಕ ಸ್ಕ್ರೀನು, ಏಳೆಂಟು ಗುಂಡಿ. ಒಳಗೆ ಪುಟ್ಟ ಬ್ಯಾಟರಿ ಇರುತ್ತೆ, ಹಾಗಾಗಿ ಕರೆಂಟ್ ಹೋದ್ರೂ ಟೈಮ್ ತಪ್ಪಲ್ಲ, ವಾರದ ಏಳು ದಿನಕ್ಕೂ ಬೇರೆ ಬೇರೆ ಹೊತ್ತು ಇಡಬಹುದು, ಭಾನುವಾರ ಏಳೂವರೆಗೆ ಅಂತ ಹಾಕ್ಕೋಬಹುದು. ವೈಫೈ ಬೇಡ, ಕಂಪನಿ ಮುಚ್ಚಿದ್ರೂ ಓಡುತ್ತೆ. ತೊಂದ್ರೆ ಇರೋದು ಸೆಟ್ ಮಾಡೋದ್ರಲ್ಲಿ, ಸುಳ್ಳು ಹೇಳಲ್ಲ, ಮೊದಲನೇ ಸಲ ತಲೆ ಕೆಟ್ಟೋಗುತ್ತೆ. ಮ್ಯಾನ್ಯುಯಲ್ ಕೊಡೋದು ಔಷಧಿ ಚೀಟಿ ಥರ ಮಡಚಿದ ಕಾಗ್ದ, ಅದ್ರಲ್ಲಿ ಎಲ್ಲೂ ಸರಿಯಾಗಿ ಹೇಳದೆ ಇರೋದು ಇಷ್ಟು: ಆನ್, ಆಟೋ, ಆಫ್ ಅಂತ ಮೂರು ಇರುತ್ತಲ್ಲ, ಆನ್‌ನಿಂದ ಆಟೋಗೆ ಬಂದ್ರೆ ಎಷ್ಟೋ ಮಾಡೆಲಲ್ಲಿ ಮುಂದಿನ ಆಫ್ ಹೊತ್ತು ಬರೋವರೆಗೂ ಆನ್ ಆಗೇ ಇರುತ್ತೆ. ಆಫ್‌ನಿಂದ ಆಟೋಗೆ ಬರ್ಬೇಕು. ನಾನು ಇದು ಗೊತ್ತಿಲ್ದೆ ಟೈಮರ್ ಕೆಟ್ಟಿದೆ ಅಂತ ಒಂದು ಪೀಸ್ ವಾಪಸ್ ಕೂಡ ಮಾಡಿದ್ದೆ, ಪಾಪ ಅದರ ತಪ್ಪೇನೂ ಇರ್ಲಿಲ್ಲ. ಬ್ಯಾಟರಿ ತಂದ ಹೊಸದ್ರಲ್ಲಿ ಖಾಲಿ ಇರುತ್ತೆ, ಸೆಟ್ ಮಾಡೋ ಮುಂಚೆ ಕೆಲವು ಗಂಟೆ ಸಾಕೆಟಲ್ಲಿ ಬಿಡಿ.

ಆಮೇಲೆ ಎಲ್ರ ಕಣ್ಣಿರೋ ವೈಫೈ ಸ್ಮಾರ್ಟ್ ಪ್ಲಗ್. ಸಾವಿರ ರೂಪಾಯಿ ಹಿಂದೆ ಮುಂದೆ. ಫೋನಲ್ಲಿ ಶೆಡ್ಯೂಲ್, ಆಫೀಸಿಂದ ಹೊರಟಾಗ್ಲೇ ಆನ್, ಅಲೆಕ್ಸಾಗೆ ಹೇಳಿದ್ರೆ ಆನ್, ಎಷ್ಟು ಯೂನಿಟ್ ಓಡ್ತು ಅಂತ ಗ್ರಾಫು. ಈ ಗ್ರಾಫ್ ಇರೋ ಮಾಡೆಲೇ ತಗೊಳ್ಳಿ, ನೂರಿನ್ನೂರು ಜಾಸ್ತಿ ಆದ್ರೂ ಪರ್ವಾಗಿಲ್ಲ. ಅದ್ರಲ್ಲಿ ನೋಡಿದ್ಮೇಲೇ ನಂಗೆ ಗೀಸರ್ ಅಂದ್ರೇನು ಅಂತ ಅರ್ಥ ಆಗಿದ್ದು, ಬೆಳಿಗ್ಗೆ 1,950 ವ್ಯಾಟಿಗೆ ನೇರ ಎದ್ದು ನಿಲ್ಲೋ ಗೋಡೆ, ಹದಿನೆಂಟು ನಿಮಿಷಕ್ಕೆ ದೊಪ್ಪಂತ ಸೊನ್ನೆ, ಆಮೇಲೆ ಎರಡು ಮೂರು ಗಂಟೆಗೊಂದು ಸಲ ಸಣ್ಣ ಮುಳ್ಳು, ಅದು ತಣ್ಣಗಾದಷ್ಟು ಮತ್ತೆ ಕಾಯ್ಸಿದ್ದು. ಆ ಹದಿನೆಂಟು ನಿಮಿಷ ನೋಡ್ಕೊಂಡ್ರೆ ಶೆಡ್ಯೂಲ್ ಎಷ್ಟು ಹೊತ್ತು ಇಡ್ಬೇಕು ಅನ್ನೋದಕ್ಕೆ ಊಹೆ ಬೇಕಾಗಲ್ಲ. ಬೋರ್‌ವೆಲ್ ಗಡಸು ನೀರಿರೋ ಕಡೆ ವರ್ಷ ಕಳೀತಾ ಟ್ಯಾಂಕ್ ಒಳಗೆ ಸುಣ್ಣ ಕಟ್ಟುತ್ತೆ, ಅದು ಮಾತ್ರ ಗ್ರಾಫಲ್ಲಿ ಅಷ್ಟಾಗಿ ಕಾಣಲ್ಲ, ಕಾಯಿಲ್ ಸುಟ್ಟಾಗ್ಲೇ ಕಾಣೋದು.

ಈಗ ಅದರ ತಾಪತ್ರಯ ಕೇಳಿ. ಒಂದು, ಬಹುತೇಕ ಪ್ಲಗ್‌ಗಳು 2.4 ಗಿಗಾಹರ್ಟ್ಜ್ ವೈಫೈಗೆ ಮಾತ್ರ ಸೇರೋದು, ರೂಟರ್ ಹಾಲಲ್ಲಿ, ಗೀಸರ್ ಬಾತ್‌ರೂಮಿನ ಅಟ್ಟದ ಮೂಲೇಲಿ, ಮಧ್ಯ ಎರಡು ಗೋಡೆ ಟೈಲ್ಸು, ಸಿಗ್ನಲ್ ಅಲ್ಲಿಗೆ ಹೋಗಲ್ಲ. ತಗೊಳ್ಳೋ ಮುಂಚೆ ಫೋನ್ ಹಿಡ್ಕೊಂಡು ಸ್ಟೂಲ್ ಹತ್ತಿ ಸಾಕೆಟ್ ಪಕ್ಕ ಒಂದು ವಿಡಿಯೋ ಓಡಿಸಿ ನೋಡಿ. ಎರಡು, ಈ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಗಡಿಯಾರ ಇರಲ್ಲ, ಕರೆಂಟ್ ಹೋಗಿ ಬಂದಾಗ ಟೈಮ್ ಎಷ್ಟು ಅಂತ ಇಂಟರ್ನೆಟ್ ಕೇಳ್ಬೇಕು, ನಾಲ್ಕು ಗಂಟೆಗೆ ಕರೆಂಟ್ ಬಂತು ಆದ್ರೆ ಫೈಬರ್ ಬರ್ಲಿಲ್ಲ ಅಂದ್ರೆ ಐದೂವರೆಗೆ ತಣ್ಣೀರು. ಮೂರು, ಕರೆಂಟ್ ವಾಪಸ್ ಬಂದಾಗ ಪ್ಲಗ್ ಏನಾಗ್ಬೇಕು ಅಂತ ಆ್ಯಪಲ್ಲಿ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನ ಆಫ್ ಅಂತ ಇಡಿ. ಇಲ್ಲಾಂದ್ರೆ ಮಧ್ಯರಾತ್ರಿ ಕರೆಂಟ್ ಬಂದು ಗೀಸರ್ ತಾನೇ ಎದ್ದು ಕೂತಿರುತ್ತೆ. ಆನ್ ಆದ ನಲ್ವತ್ತು ನಿಮಿಷಕ್ಕೆ ತಾನೇ ಆಫ್ ಆಗೋ ಥರ ಕೌಂಟ್‌ಡೌನ್ನೂ ಹಾಕಿ.

ಆದ್ರೆ ಇವೆಲ್ಲಕ್ಕಿಂತ ದೊಡ್ಡ ತಾಪತ್ರಯ ಅಮ್ಮ. ಸ್ಮಾರ್ಟ್ ಪ್ಲಗ್ ಓಡ್ಬೇಕಂದ್ರೆ ಅದರ ಹಿಂದಿನ ಗೋಡೆ ಸ್ವಿಚ್ ಯಾವಾಗ್ಲೂ ಆನ್ ಇರ್ಬೇಕು. ನಲ್ವತ್ತು ವರ್ಷ "ಸ್ನಾನ ಆದ್ಮೇಲೆ ಸ್ವಿಚ್ ಆರ್ಸು" ಅಂತ ಮನೇಲಿ ಎಲ್ರಿಗೂ ಹೇಳ್ಕೊಂಡು ಬಂದಿರೋ ಕೈ ಅದು, ಸುಮ್ನಿರುತ್ತಾ. ಕೆಂಪು ದೀಪ ಕಂಡ್ರೆ ಆರ್ಸೋದೇ. ನಾನು ಸ್ವಿಚ್ಚಿಗೆ ಸೆಲ್ಲೋಟೇಪ್ ಹಾಕ್ದೆ, ಟೇಪ್ ಕಿತ್ತು ಆರ್ಸಿದ್ರು. ಚೀಟಿ ಅಂಟಿಸ್ದೆ, ಚೀಟಿ ಓದಿ ಆರ್ಸಿದ್ರು, "ಓದಿದೆ ಕಣೋ, ಆದ್ರೂ ಭಯ ಆಯ್ತು" ಅಂತ. ಡಿಜಿಟಲ್ ಟೈಮರ್‌ಗೂ ಸ್ವಿಚ್ ಆನ್ ಇರ್ಬೇಕು ನಿಜ, ಆದ್ರೆ ಅದು ಆರಿದ್ರೂ ಟೈಮ್ ಮರೆಯಲ್ಲ, ರಾತ್ರಿ ಮಲಗೋವಾಗ ಯಾರಾದ್ರೂ ಹಾಕಿದ್ರೆ ಸಾಕು. ವಯಸ್ಸಾದೋರು, ಕೆಲ್ಸದೋರು, ಬಂದು ಹೋಗೋ ನೆಂಟರು ಇರೋ ಮನೆಗೆ ಸಾಮಾನು ಆರಿಸೋವಾಗ ಆ್ಯಪ್ ರೇಟಿಂಗ್ ನೋಡೋದಕ್ಕಿಂತ ಆ ಮನೇಲಿ ಸ್ವಿಚ್ ಯಾರು ಮುಟ್ತಾರೆ ಅಂತ ನೋಡೋದು ಮೇಲು.

ಅದಕ್ಕೇ ಕೆಲವ್ರು ಗೋಡೆ ಸ್ವಿಚ್ಚನ್ನೇ ಸ್ಮಾರ್ಟ್ ಮಾಡಿಸ್ತಾರೆ, ಸ್ವಿಚ್ ಹಿಂದೆ ಕೂರೋ ಮಾಡ್ಯೂಲು, ಇಲ್ಲಾ ಪೂರ್ತಿ ಟಚ್ ಪ್ಯಾನೆಲ್. ಅಮ್ಮ ಒತ್ತಿದ್ರೂ ಆಗುತ್ತೆ ಫೋನಿಂದನೂ ಆಗುತ್ತೆ, ಉಪಾಯ ಒಳ್ಳೇದೇ. ಆದ್ರೆ ಬಾಕ್ಸ್ ಒಳಗೆ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗೋ ವೈರು) ಬೇಕು, ನಮ್ಮ ಹಳೇ ವೈರಿಂಗಲ್ಲಿ ಎಷ್ಟೋ ಕಡೆ ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ತಂದೇ ಇರಲ್ಲ. ಟಚ್ ಪ್ಯಾನೆಲಲ್ಲಿ ಎಲ್ಲ ಗುಂಡಿನೂ ಒಂದೇ ಅಲ್ಲ, ಗೀಸರ್‌ಗೆ ಅಂತಲೇ 16 ಆಂಪ್ಸ್ ಪಾಯಿಂಟ್ ಬೇರೆ ಇರುತ್ತೆ, ಫ್ಯಾನ್ ಗುಂಡಿಗೆ ಗೀಸರ್ ಸಿಕ್ಕಿಸಿದ್ರೆ ಒಳಗಿನ ರಿಲೇ (ಆನ್ ಆಫ್ ಮಾಡೋ ಪುಟ್ಟ ಸ್ವಿಚ್ಚು) ಸುಡುತ್ತೆ. ಉಸಿರಾಡೋಕೆ ಜಾಗ ಇಲ್ಲದ ಗೋಡೆ ಬಾಕ್ಸ್ ಒಳಗೆ 13 ಆಂಪ್ಸ್ ಓಡಿಸೋ ಮಾಡ್ಯೂಲ್ ನಂಗಂತೂ ಇಷ್ಟ ಇಲ್ಲ, 20, 25 ಆಂಪ್ಸ್ ತಾಳೋ ಸೋನಾಫ್ ಪವ್ ಥರದ ವೈಫೈ ಸ್ವಿಚ್ಚನ್ನ ಹೊರಗೆ ಒಂದು ಡಬ್ಬೀಲಿ ಕೂರ್ಸಿದ್ರೆ ಒಪ್ತೀನಿ.

ಡಿಬಿ ಬಾಕ್ಸಲ್ಲಿ, ಅಂದ್ರೆ ಮನೆಗೆಲ್ಲ ಕರೆಂಟ್ ಹಂಚೋ ಡಬ್ಬೀಲಿ, ಎಂಸಿಬಿ (ಟ್ರಿಪ್ ಆಗೋ ಸ್ವಿಚ್) ಪಕ್ಕ ಕೂರೋ ಟೈಮ್ ಸ್ವಿಚ್, ಜೊತೆಗೆ ಹೆಚ್ಚು ಕರೆಂಟ್ ತಡ್ಕೊಳ್ಳೋ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್, ಇದು ಪಿಜಿ, ಹಾಸ್ಟೆಲ್, ಎರಡು ಮೂರು ಗೀಸರ್ ಇರೋ ದೊಡ್ಡ ಮನೆಗಳಿಗೆ ಸರಿ. ಎಲೆಕ್ಟ್ರಿಷಿಯನ್ ಖರ್ಚು ಸೇರಿ ಜೇಬಿಗೆ ತಟ್ಟುತ್ತೆ, ಆದ್ರೆ ವರ್ಷಗಟ್ಲೆ ಅದರ ಕಡೆ ತಿರುಗಿ ನೋಡ್ಬೇಕಾಗಲ್ಲ. ವೈಫೈ ಇರೋ ಗೀಸರೇ ತಗೊಳ್ಳೋದು ಬೇಕಾ ಅಂದ್ರೆ, ಹೇಗೂ ಹೊಸದು ತಗೊಳ್ತಿದ್ರೆ ನೋಡಿ, ಇರೋದನ್ನ ಬಿಸಾಕಿ ತಗೊಳ್ಳೋಕೆ ಹೋಗ್ಬೇಡಿ.

ಇನ್ನೊಂದಿದೆ, ಯಾರೂ ಮಾತಾಡದೆ ಇರೋದು. ಒತ್ತಿದ್ರೆ ಇಷ್ಟು ನಿಮಿಷ ಅಂತ ಆನ್ ಆಗಿ ತಾನೇ ಆರೋ ಕೌಂಟ್‌ಡೌನ್ ಸ್ವಿಚ್. ಬೆಳಿಗ್ಗೆ ತಾನೇ ಆನ್ ಆಗಲ್ಲ, ಆದ್ರೆ ಮರೆಯೋ ಚಿಂತೆ ಇಲ್ಲ. ಸ್ನಾನಕ್ಕೆ ಹೊತ್ತು ಗೊತ್ತಿಲ್ಲದ ಮನೆಗೆ, ಒಬ್ಬ ಶಿಫ್ಟ್ ಕೆಲ್ಸ, ಒಬ್ಬ ಕಾಲೇಜು, ಇದಕ್ಕಿಂತ ಒಳ್ಳೇದು ಇಲ್ಲ. ಟೈಮ್ ಸೆಟ್ ಮಾಡೋ ಗೋಜೇ ಇಲ್ಲ.

ಊರ ಕಡೆ ಇರೋರಿಗೆ ವೋಲ್ಟೇಜ್ ಬಗ್ಗೆ ಒಂದು ಮಾತು. 230 ಇರ್ಬೇಕಾದಲ್ಲಿ 180 ಬರ್ತಿದ್ರೆ 2000 ವ್ಯಾಟ್ ಗೀಸರ್ ಕೊಡೋದು 1,225 ವ್ಯಾಟ್ ಮಾತ್ರ, ಹದಿನೆಂಟು ನಿಮಿಷದ ಕೆಲ್ಸಕ್ಕೆ ಅರ್ಧ ಗಂಟೆ ಬೇಕು. ಬೆಂಗಳೂರಲ್ಲಿ ಸರಿ ಇದ್ದ ಟೈಮಿಂಗ್ ತಂದು ಊರಲ್ಲಿ ಇಟ್ಟು ಉಗುರುಬೆಚ್ಚಗೆ ಸ್ನಾನ ಮಾಡಿದ್ಮೇಲೆ ನಂಗೆ ಇದು ತಲೆಗೆ ಹೋಗಿದ್ದು. ಟೈಮ್ ಸ್ವಲ್ಪ ಜಾಸ್ತಿನೇ ಇಡಿ, ಕಾದ್ಮೇಲೆ ಥರ್ಮೋಸ್ಟಾಟ್ ನೋಡ್ಕೊಳ್ಳುತ್ತೆ.

ಸೋಲಾರ್ ಇರೋರೇ ಟೈಮರ್‌ನಿಂದ ನಿಜವಾಗ್ಲೂ ದುಡ್ಡು ಉಳಿಸೋರು. 100 ಲೀಟರ್ ಟ್ಯಾಂಕ್ ತಣ್ಣಗಿಂದ ಕಾಯ್ಸೋಕೆ 4 ಯೂನಿಟ್ ಬೇಕು, ಮಳೆಗಾಲದಲ್ಲಿ ಬ್ಯಾಕಪ್ ಕಾಯಿಲ್ ಸ್ವಿಚ್ ಹಾಕಿದೋರು ಬಿಸಿಲು ಬಂದ್ಮೇಲೂ ಆರ್ಸೋದು ಮರೀತಾರೆ, ಆಗ ರಾತ್ರಿಯೆಲ್ಲ ಕರೆಂಟಲ್ಲಿ ಕಾದಿರೋ ಟ್ಯಾಂಕಿಗೆ ಹಗಲು ಸೂರ್ಯ ಬಂದು ಮಾಡೋದೇನು. ಅಲ್ಲಿ ಬೆಳಗಿನ ಜಾವ ನಾಲ್ಕರಿಂದ ಆರು ಮಾತ್ರ ಅಂತ ಡಿಜಿಟಲ್ ಟೈಮರ್ ಹಾಕಿ, ಬೇರೆ ಯೋಚ್ನೆನೇ ಬೇಡ. ತಾರಸಿ ಮೇಲೆ ಇಡ್ಬೇಡಿ ಮಾತ್ರ, ಮಳೆ ಹೊಡೆಯುತ್ತೆ, ಕೆಳಗೆ ಸ್ವಿಚ್ ಇರೋ ಕಡೆ ಹಾಕಿಸಿ.

ಶಾಕ್ ವಿಷ್ಯ ಬಿಟ್ಟಿದ್ದೆ. ಟೈಮರ್ ಆಫ್ ಆಗಿದೆ, ಇನ್ನು ಧೈರ್ಯವಾಗಿ ಸ್ನಾನ ಮಾಡ್ಬಹುದು ಅಂತ ಅನ್ಕೋಬೇಡಿ. ಬಾಗಿಲ ಹೊರಗಿರೋ ದಪ್ಪ ಡಬಲ್ ಪೋಲ್ ಸ್ವಿಚ್ ಫೇಸು ನ್ಯೂಟ್ರಲ್ಲು ಎರಡನ್ನೂ ಕಡಿಯುತ್ತೆ, ಈ ಪ್ಲಗ್‌ಗಳು ಹೆಚ್ಚಾಗಿ ಒಂದನ್ನೇ ಕಡಿಯೋದು. ಸಾಕೆಟಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದ್ರೆ ಆ್ಯಪಲ್ಲಿ ಆಫ್ ಅಂತ ತೋರಿಸ್ತಿದ್ರೂ ಕಾಯಿಲಲ್ಲಿ ಕರೆಂಟ್ ಇದ್ದೇ ಇರುತ್ತೆ. ರಿಲೇ ಒಳಗೆ ಅಂಟ್ಕೊಂಡ್ರೂ ಹಾಗೇ, ಫೋನ್ ಆಫ್ ಅನ್ನುತ್ತೆ ಗೀಸರ್ ದೀಪ ಉರೀತಾ ಇರುತ್ತೆ, ಆಗ ನಂಬ್ಬೇಕಾದ್ದು ಫೋನನ್ನಲ್ಲ, ಗೀಸರಿನ ದೀಪನ, ಆದ್ರೆ ದೀಪ ಆರಿದೆ ಅಂತ ಕರೆಂಟ್ ಇಲ್ಲ ಅಂತಲೂ ಅಲ್ಲ. ಅರ್ಥಿಂಗ್ ಸರಿ ಇರ್ಲಿ, ಡಿಬೀಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಡಿಯೋ ಸ್ವಿಚ್) ಇರ್ಲಿ, ತಿಂಗಳಿಗೊಂದ್ಸಲ ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತಾ ನೋಡಿ.

ಈಗ ನಮ್ಮ ಎರಡು ಮನೇಲಿ ಏನಿದೆ ಅಂದ್ರೆ, ಊರಲ್ಲಿ ಡಿಜಿಟಲ್ ಟೈಮರ್, ಬೆಂಗಳೂರಲ್ಲಿ ಗ್ರಾಫ್ ಇರೋ 16 ಆಂಪ್ಸ್ ವೈಫೈ ಪ್ಲಗ್. ಅಮ್ಮ ಬೆಂಗಳೂರಿಗೆ ಬಂದಾಗ ಪ್ಲಗ್ ತೆಗೆದು ಕಪಾಟಲ್ಲಿ ಇಡ್ತೀನಿ. ನೀವು ಯಾವ್ದೇ ಹಾಕಿ, ಮೊದಲ ದಿನ ಗೀಸರ್ ಆನ್ ಆಗಿ ಹದಿನೈದು ನಿಮಿಷ ಆದ್ಮೇಲೆ ಒಣಗಿದ ಕೈಯಲ್ಲಿ ಪ್ಲಗ್ ಮೈ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರ್ವಾಗಿಲ್ಲ. ಕೈ ಹಿಂದೆ ಎಳ್ಕೊಳ್ಳೋ ಅಷ್ಟು ಬಿಸಿ ಇದ್ರೆ ಗೋಡೆ ಸ್ವಿಚ್ ಆರ್ಸಿ, ಪ್ಲಗ್ ಕಿತ್ತು, ಪಿನ್ ಕಪ್ಪಾಗಿದೆಯಾ ನೋಡ್ಕೊಂಡು ಎಲೆಕ್ಟ್ರಿಷಿಯನ್‌ನ ಕರೀರಿ, ಸಾಕೆಟ್ ಬದಲಾಗೋವರೆಗೂ ಮತ್ತೆ ಚುಚ್ಚೋಕೆ ಹೋಗ್ಬೇಡಿ.